ಬೈಸಿಕೊಂಡೇ ಹೋದ ಮೇಡಂ

ಮೇಡಂ ನಶ್ಯ ಹಾಕುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶ್ರದ್ಧಾಂಜಲಿ ಸಭೆಯಲ್ಲಿ ಯಾರೂ ಹೇಳಲಿಲ್ಲ. ಅಲ್ಲಿ ಮಾತಾಡಿದ ಏಳೆಂಟು ಮಂದಿ ಅವರನ್ನು ತಾಯಿಹೃದಯದವರು, ಕರುಣಾಮಯಿ, ಸೇವೆಯನ್ನೇ ಉಸಿರಾಡಿದವರು ಎಂದೆಲ್ಲ ಹೊಗಳಿದರು. ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ನನಗೇ ಅನುಮಾನ ಬಂತು. ನಾನು ಕಂಡ ಮೇಡಂ ಬೆಳಗಿನ ಪ್ರಾರ್ಥನೆ ಮುಗಿಯುವುದರೊಳಗೆ ಮೂರು ಜನರನ್ನಾದರೂ ಬೈದಿರುತ್ತಿದ್ದರು. ಅವರಲ್ಲಿ ಒಬ್ಬ ನಾನು.

ನಾನು ಪಿ.ಟಿ. ಮೇಷ್ಟ್ರು, ಹೆಸರು ಖಾದರ್, ಭದ್ರಾವತಿಯ ಓಲ್ಡ್ ಟೌನಿನವನು. ಕಾಗದನಗರದ ಪಕ್ಕದ ನಮ್ಮ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಸೀಟಿ ಊದಿದೆ. ಅದರಲ್ಲಿ ಹದಿನಾಲ್ಕು ವರ್ಷ ಅವರು ನಮಗೆ ಹೆಡ್‌ಮೇಡಂ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎದ್ದು ಬಂದು “ನಿಮ್ಮನ್ನ ಯಾರ್ರೀ ಕೇಳಿದ್ರು?” ಎಂದುಬಿಡುತ್ತಾರೆ ಎಂಬ ಹೆದರಿಕೆ ನನಗೆ ಇನ್ನೂ ಹೋಗಿಲ್ಲ.

ನಶ್ಯದ ಡಬ್ಬಿ ಅವರ ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿರುತ್ತಿತ್ತು. ಎರಡನೇ ಪೀರಿಯಡ್ ಮುಗಿಯುತ್ತಿದ್ದಂತೆ ಆಫೀಸಿನ ಬೀರುವಿನ ಮರೆಗೆ ಹೋಗಿ ಒಂದು ಚಿಟಿಕೆ ಏರಿಸಿ, ಕಂದು ಕಲೆಯ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಹೊರಬರುತ್ತಿದ್ದರು. ಇಡೀ ಶಾಲೆಗೆ ಗೊತ್ತಿದ್ದ ಗುಟ್ಟು ಅದು. ಒಂದು ದಿನ ಐದನೇ ಕ್ಲಾಸಿನ ಕೋಣೆಯಿಂದ ಸೀನು ಕೇಳಿಸಿತು. ಒಂದಲ್ಲ ಎರಡಲ್ಲ, ಇಡೀ ಕ್ಲಾಸಿನದು. ಓಡಿಹೋಗಿ ನೋಡಿದರೆ ಮಕ್ಕಳೆಲ್ಲ ಕಣ್ಣು ಮೂಗು ಸುರಿಸಿಕೊಂಡು ಬೆಂಚಿನ ಮೇಲೆ ಬಿದ್ದಿವೆ, ನಡುವೆ ಎನ್. ರೂಪಾ ಎಂಬ ಹುಡುಗಿ ಆ ಡಬ್ಬಿ ಹಿಡಿದುಕೊಂಡು ಪ್ರಸಾದ ಹಂಚುವವಳ ಹಾಗೆ ಸಾಲು ಸಾಲಿಗೆ ಹೋಗುತ್ತಿದ್ದಾಳೆ. ತಾನೂ ಸೀನುತ್ತಿದ್ದಾಳೆ, ಹಂಚುವುದನ್ನು ಮಾತ್ರ ಬಿಟ್ಟಿಲ್ಲ.

ಮೇಡಂ ಅವಳ ಕಿವಿ ಹಿಡಿದು ಆಫೀಸಿಗೆ ಎಳೆದುಕೊಂಡು ಹೋದರು. ಎರಡು ಏಟಿನ ಸದ್ದು ವರಾಂಡದಲ್ಲಿದ್ದ ನನಗೇ ಕೇಳಿಸಿತು. ಆಮೇಲೆ ಸುಮಾರು ಹೊತ್ತು ಸದ್ದಿಲ್ಲ. ಏನಾಯಿತಪ್ಪಾ ಎಂದು ಇಣುಕಿದರೆ ಇಬ್ಬರೂ ನಗುತ್ತಿದ್ದಾರೆ, ನಡುನಡುವೆ ಇಬ್ಬರೂ ಸೀನುತ್ತಿದ್ದಾರೆ. ಹುಡುಗಿ ಹೋದ ಮೇಲೆ ನಾನು ಸಿಟ್ಟಿನಿಂದಲೇ ಹೇಳಿದೆ.

“ಆ ಹುಡುಗೀನ ತಲೆ ಮೇಲೆ ಕೂರಿಸ್ಕೋತಿದೀರಿ ಮೇಡಂ.”

“ತಲೆಹರಟೆ ಮಾಡೋಕೂ ತಲೆ ಬೇಕು ಕಣ್ರೀ ಖಾದರ್. ನಿಮ್ಮ ಕಬಡ್ಡಿ ಟೀಮಲ್ಲಿ ಒಬ್ರಿಗಾದ್ರೂ ಇದೆಯಾ ಹೇಳಿ.”

ಅವರ ಮಾತೆಲ್ಲ ಹೀಗೇ. ಕುಳ್ಳಗಿದ್ದರು, ದಪ್ಪ ಕನ್ನಡಕ, ಸೆರಗನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿರುತ್ತಿದ್ದರು. ಶಿವಮೊಗ್ಗದ ವಿನೋಬನಗರದಲ್ಲಿ ಸ್ವಂತದ್ದೊಂದು ಸಣ್ಣ ಮನೆ, ಮೇಲೆ ಬಾಡಿಗೆಯವರು. ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಬಂದು ಹೋಗುವುದು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ “ಟೈಮ್ ಸಿಗ್ಲಿಲ್ಲ ಮಾರಾಯ್ತಿ” ಎನ್ನುತ್ತಿದ್ದರು. ಹೆಡ್‌ಮೇಡಂ ಕುರ್ಚಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಅದರ ಮೇಲೆ ತಿದ್ದಬೇಕಾದ ನೋಟ್‌ಬುಕ್ಕುಗಳ ರಾಶಿ ಇರುತ್ತಿತ್ತು. ಇವರು ಕಿಟಕಿ ಹತ್ತಿರ ನಿಂತೇ ತಿದ್ದುತ್ತಿದ್ದರು. ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ. ಗಂಡು ಹುಡುಗರೆಲ್ಲ “ಮಾರಾಯ”, ಹೆಣ್ಣು ಮಕ್ಕಳೆಲ್ಲ “ಮಾರಾಯ್ತಿ”. ಇನಿಷಿಯಲ್ ಸಮೇತ ಹೆಸರು ಹಿಡಿದು ಕೂಗುತ್ತಿದ್ದದ್ದು ಎನ್. ರೂಪಾ ಒಬ್ಬಳನ್ನೇ.

ಆ ಹುಡುಗಿ ಶಾಲೆಗೆ ಸೇರಿದ ದಿನ ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎಂಬ ಮಾತನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು. ಜೂನ್ ತಿಂಗಳ ಮೊದಲ ವಾರ. ಕ್ವಾರ್ಟರ್ಸಿನ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬಳು ಮಗುವಿನ ಕೈ ಹಿಡಿದುಕೊಂಡು ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಗಂಡ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಅಂಗನವಾಡಿ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಆಮೇಲೆ ಮಗು ರಸ್ತೆಯಲ್ಲಿ ಲಾರಿಗಳ ಮಧ್ಯೆ ಆಡಿಕೊಂಡಿರುತ್ತದೆ, ಹೇಗಾದರೂ ಮಾಡಿ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಿ ಎಂದು ಅವಳ ಗೋಳು. ಮಗುವಿಗೆ ಬರುವ ಶ್ರಾವಣಕ್ಕೆ ಐದು ತುಂಬುತ್ತಿತ್ತು. ಸೇರಿಸಿಕೊಳ್ಳಲು ಐದು ವರ್ಷ ಹತ್ತು ತಿಂಗಳಾದರೂ ಆಗಿರಬೇಕು. ಹೆರಿಗೆ ತವರಿನ ಹಳ್ಳಿಯಲ್ಲಿ, ಮನೆಯಲ್ಲೇ ಆದದ್ದು. ಜನನಪತ್ರ ಗಿನನಪತ್ರ ಯಾವುದೂ ಇಲ್ಲ.

ಇಂಥ ಮಕ್ಕಳಿಗೆ ನಮ್ಮಲ್ಲಿ ಒಂದು ದಾರಿ ಇತ್ತು. ಹಳೆಯ ಮೇಷ್ಟ್ರುಗಳಿಗೆಲ್ಲ ಗೊತ್ತಿರುತ್ತದೆ. ತಾರೀಖು ಗೊತ್ತಿಲ್ಲದ, ವಯಸ್ಸು ಸಾಲದ ಮಗು ಬಂದರೆ ಹುಟ್ಟಿದ ದಿನ ಜೂನ್ ಒಂದು ಎಂದು ಬರೆಯುವುದು, ವರ್ಷವನ್ನು ಬೇಕಾದಷ್ಟು ಹಿಂದಕ್ಕೆ ತಳ್ಳುವುದು. ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಅವತ್ತು ಸೂಲಗಿತ್ತಿಯರಿಗೆ ಊಟಕ್ಕೂ ಬಿಡುವಿರಲಿಲ್ಲವೇನೋ ಎಂದು ಸ್ಟಾಫ್ ರೂಮಿನಲ್ಲಿ ನಗಾಡುತ್ತಿದ್ದೆವು. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಮಗು ಬೀದಿ ಬಿಟ್ಟು ಶಾಲೆಗೆ ಬಂತಲ್ಲ, ಸಾಕು.

ದಾಖಲಾತಿ ರಿಜಿಸ್ಟರ್ ಬರೆಯುತ್ತಿದ್ದವನು ನಾನು. ನಮ್ಮಪ್ಪ ಓಲ್ಡ್ ಟೌನಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು, ಅವರ ಕೈಬರಹ ನನಗೆ ಬಂದಿದೆ. ಮೇಡಂ ಬರಹವೋ, ಕೋಳಿ ಕೆದರಿದ ಹಾಗೆ.

“ಏನಂತ ಬರೀಲಿ ಮೇಡಂ?”

“ಒಂದು ವರ್ಷ ಎರಡು ತಿಂಗಳು ದೊಡ್ಡವಳಾಗ್ತಾಳೆ. ಆಗ್ಲಿ, ಬರೀರಿ.”

ಬರೆದೆ. ಅವರು ಸಹಿ ಹಾಕಿದರು. ಅಷ್ಟರಲ್ಲಿ ಮಗು ಮೇಜಿನ ಮೇಲಿದ್ದ ನನ್ನ ಸೀಟಿಯನ್ನು ಎತ್ತಿಕೊಂಡು ಜೋರಾಗಿ ಊದಿತು. ಆಟದ ಪೀರಿಯಡ್ ಬಂತೆಂದು ಎರಡು ಕ್ಲಾಸಿನ ಮಕ್ಕಳು ಮೈದಾನಕ್ಕೆ ಓಡಿಬಂದವು. ತಾಯಿ ನಾಚಿಕೊಂಡು ಮಗುವಿನ ಬೆನ್ನಿಗೆ ಗುದ್ದಿದಳು. ಮೇಡಂ ಮಗುವನ್ನು ಕಿತ್ತುಕೊಂಡು ತಮ್ಮ ಪಕ್ಕಕ್ಕೆ ನಿಲ್ಲಿಸಿಕೊಂಡರು.

ಆಮೇಲಿನ ಹತ್ತು ವರ್ಷ ನಾವು ಪಟ್ಟ ಪಾಡು ಹೇಳಿದರೆ ಮುಗಿಯುವುದಿಲ್ಲ. ಕಾಂಪೌಂಡ್ ಹಾರುವುದು, ಬೆಲ್ಲು ಹೊಡೆಯುವ ಕಬ್ಬಿಣದ ತುಂಡನ್ನು ಬಾವಿಗೆ ಎಸೆಯುವುದು, ತನ್ನ ಅಪ್ಪನನ್ನು ಆಡಿಕೊಂಡ ಹುಡುಗಿಯ ಜಡೆಯನ್ನು ಬ್ಲೇಡಿನಿಂದ ಕತ್ತರಿಸುವುದು. ಹೊಡೆಯಲು ಬಂದ ಡ್ರಾಯಿಂಗ್ ಮೇಷ್ಟ್ರ ಕೈ ಕಚ್ಚಿದ್ದಳು. ಆ ದಿನ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಟಿ.ಸಿ. ಕೊಟ್ಟು ಕಳಿಸಿ ಎಂದೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಮೇಡಂ ಎಲ್ಲ ಕೇಳಿಸಿಕೊಂಡು, “ಕೊಡೋಣ. ಹಂಗೇ ನನ್ನ ಟ್ರಾನ್ಸ್‌ಫರ್‌ಗೂ ಒಂದು ಅರ್ಜಿ ಬರೀರಿ, ಸೈನ್ ಹಾಕ್ತೀನಿ” ಎಂದರು. ಮೀಟಿಂಗ್ ಮುಗಿಯಿತು.

ಅವಳನ್ನು ಮುದ್ದು ಮಾಡುತ್ತಿದ್ದರು ಎಂದುಕೊಳ್ಳಬೇಡಿ. ಅವಳು ತಿಂದಷ್ಟು ಬೈಗುಳ ಬೇರೆ ಯಾರೂ ತಿಂದಿಲ್ಲ. ದಿನಾ ಸಂಜೆ ಬಸ್ಸಿನ ಹೊತ್ತಾಗುವ ತನಕ ಆಫೀಸಿನಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಿಸುತ್ತಿದ್ದರು. ಇಬ್ಬರೂ ಕೂಗಾಡುವುದು ಗೇಟಿನ ತನಕ ಕೇಳಿಸುತ್ತಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಅವಳು ಒಬ್ಬಳೇ ಬಸ್ ಹತ್ತಿ ವಿನೋಬನಗರಕ್ಕೆ ಹೋಗಿ, ಹುಡುಕಿಕೊಂಡು ಮೇಡಂ ಮನೆ ಗೇಟಿನಲ್ಲಿ ನಿಂತಳಂತೆ. ಕೈಯಲ್ಲಿ ಮಡಿಸಿದ ಕಾಗದ. ಏನೇ ಅದು ಎಂದರೆ, “ಲೀವ್ ಲೆಟರ್ ಮೇಡಂ. ನಾಳೆ ಸ್ಕೂಲಿಗ್ ಬರಲ್ಲ.” ಅದನ್ನು ಕೊಡಲು ಅಷ್ಟು ದೂರ ಬಂದಿದ್ದಳು. ಮೇಡಂ ಕಾಗದ ಹರಿದುಹಾಕಿ, ಊಟ ಹಾಕಿ, ತಾವೇ ಬಸ್ಸಿನಲ್ಲಿ ಕರೆದುತಂದು ಮನೆಗೆ ಬಿಟ್ಟುಹೋದರು. ಮರುದಿನ ಈ ಕಥೆಯನ್ನು ನನಗೆ ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಬೇರೆ ಯಾವತ್ತೂ ನೋಡಲಿಲ್ಲ.

ಅವಳು ಹೈಸ್ಕೂಲಿಗೆ ಬಂದಿದ್ದಾಗ ಕಾರ್ಖಾನೆ ನಿಂತಿತು. ಕ್ವಾರ್ಟರ್ಸಿನ ಮನೆಗಳು ಒಂದೊಂದಾಗಿ ಖಾಲಿಯಾದವು, ನಮ್ಮ ಬೆಂಚುಗಳೂ ಖಾಲಿಯಾದವು. ರೂಪಾಳ ಅಪ್ಪ ಶಿವಮೊಗ್ಗದ ಅಡಿಕೆ ಮಂಡಿಗೆ ಮೂಟೆ ಹೊರಲು ಹೋಗತೊಡಗಿದ. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಮೇಡಂ ಬೆನ್ನು ಬಿದ್ದು ಪಿಯುಸಿಗೆ ಸೇರಿಸಿದರು. ಅವಳು ಎರಡನೇ ಪಿಯುಸಿಗೆ ಬರುವ ಹೊತ್ತಿಗೆ ಮೇಡಂ ರಿಟೈರ್ ಆದರು. ಬೇರೆ ಯಾರೂ ಇಲ್ಲ ಎಂಬ ಒಂದೇ ಅರ್ಹತೆಯ ಮೇಲೆ ನಾನು ಇನ್‌ಚಾರ್ಜ್ ಹೆಡ್‌ಮಾಸ್ಟರ್ ಆದೆ.

ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವಳಿಗೆ ಮದುವೆ ಗೊತ್ತುಮಾಡಿದರು. ಗಂಡು ಶಿವಮೊಗ್ಗದವನು, ಮೂವತ್ನಾಲ್ಕು ವರ್ಷದವನು. ಖರ್ಚೆಲ್ಲ ನಮ್ಮದೇ ಎಂದು ಗಂಡಿನ ಕಡೆಯವರು ಹೇಳಿದ್ದೇ ತಡ, ಅಪ್ಪ ಒಪ್ಪಿದ. ಹುಡುಗಿ ಒಲ್ಲೆ ಎಂದಳು, ಹೊಡೆಸಿಕೊಂಡಳು. ಅಪ್ಪ ದಡ್ಡನೇನಲ್ಲ. ಶಾಲೆಯ ದಾಖಲೆಯ ಪ್ರಕಾರ ಜೂನ್ ಒಂದಕ್ಕೆ ಹುಡುಗಿಗೆ ಹದಿನೆಂಟು ತುಂಬುತ್ತದೆ ಎಂದು ನೋಡಿಕೊಂಡೇ ಜೂನ್ ಎರಡನೇ ವಾರಕ್ಕೆ ಲಗ್ನ ಇಡಿಸಿದ್ದ. ನಿಜವಾಗಿ ಅವಳಿಗೆ ಹದಿನೇಳೂ ತುಂಬಿರಲಿಲ್ಲ.

ಮದುವೆಗೆ ಎರಡು ದಿನ ಇದೆ ಎನ್ನುವಾಗ ಅವಳು ಪಕ್ಕದ ಮನೆಯ ಫೋನಿನಿಂದ ಎರಡು ಕರೆ ಮಾಡಿದಳು. ಒಂದು ಮಕ್ಕಳ ಸಹಾಯವಾಣಿಗೆ, ಇನ್ನೊಂದು ಮೇಡಂಗೆ. ಮೇಡಂಗೆ ಹೇಳಿದ್ದು ಇಷ್ಟೇ: “ನಂಗೆ ನಿಜವಾಗ್ಲೂ ಎಷ್ಟು ವರ್ಷ ಅಂತ ನಿಮ್ಗೆ ಗೊತ್ತು. ಬಂದು ಹೇಳಿ ಮೇಡಂ.” ಆಮೇಲೆ ಮನೆಯವರಿಗೆ ಗೊತ್ತಾಗಿ ಅವಳನ್ನು ಕೋಣೆಯಲ್ಲಿ ಕೂಡಿಹಾಕಿದರು.

ಮರುದಿನ ಬೆಳಿಗ್ಗೆ ನಾನು ಶಾಲೆಯ ಬೀಗ ತೆಗೆಯುವ ಮೊದಲೇ ಮೇಡಂ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಸಹಾಯವಾಣಿಗೆ ಹೋದ ಕರೆಯ ಮೇಲೆ ಹತ್ತೂವರೆಗೆ ಜೀಪಿನಲ್ಲಿ ಮಕ್ಕಳ ರಕ್ಷಣೆಯ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ರಿಜಿಸ್ಟರ್ ಕೇಳಿದರು. ತೆಗೆದುಕೊಟ್ಟೆ. ಜೂನ್ ಒಂದು ಎಂಬ ಸಾಲಿನ ಮೇಲೆ ಅವರು ಬೆರಳಿಟ್ಟರು.

“ಅದು ಸುಳ್ಳು,” ಎಂದರು ಮೇಡಂ. “ನಾನೇ ಸುಳ್ಳು ಬರೆಸಿದ್ದು. ಒಂದು ವರ್ಷ ಎರಡು ತಿಂಗಳು ಜಾಸ್ತಿ ಇದೆ. ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ನೀವು ರಿಟೈರ್ ಆಗಿದೀರಿ ಮೇಡಂ. ಆ ಹುಡುಗಿ ನಿಮ್ಗೆ ಬೇಕಾದವಳು ಅಂತಾನೂ ಹೇಳ್ತಿದಾರೆ. ನಿಮ್ಮೊಬ್ರ ಮಾತ್ ಕೇಳಿ ಮದುವೆ ನಿಲ್ಸಿದ್ರೆ ನಾಳೆ ನನ್ನ ಕೇಳ್ತಾರೆ. ಅವತ್ತು ಬೇರೆ ಯಾರಾದ್ರೂ ಇದ್ರಾ?”

“ಇವ್ರೇ ಬರೆದಿದ್ದು. ಇವ್ರ ಕೈಬರಹಾನೇ ಅದು. ಕೇಳಿ.”

ಅಧಿಕಾರಿ ನನ್ನ ಕಡೆ ತಿರುಗಿದರು. “ನೋಡಿ ಸಾರ್, ಇಬ್ರೂ ಹೇಳಿಕೆ ಕೊಟ್ರೆ ನಾನು ಈಗ್ಲೇ ಹೋಗಿ ನಿಲ್ಲಿಸ್ತೀನಿ. ಆಮೇಲೆ ಕೋರ್ಟು ನೋಡ್ಕೊಳ್ಳುತ್ತೆ. ಆದ್ರೆ ದಾಖಲೆ ತಪ್ಪು ಬರೆದಿದ್ದಕ್ಕೆ ಇಲಾಖೆಗೂ ನಾನು ಬರೀಬೇಕಾಗುತ್ತೆ. ಹೇಳಿ, ಮೇಡಂ ಹೇಳ್ತಿರೋದು ನಿಜಾನಾ?”

ನನ್ನ ದೊಡ್ಡ ಮಗಳ ನಿಕಾಹ್‌ಗೆ ಎರಡು ತಿಂಗಳಿತ್ತು. ಸರ್ವೀಸು ಇನ್ನೂ ಆರು ವರ್ಷ ಇತ್ತು. ಹಿಂದಿನ ದಿನವೇ ವಿಷಯ ಕಿವಿಗೆ ಬಿದ್ದಿದ್ದ ನನ್ನ ಹೆಂಡತಿ ಬಾಗಿಲವರೆಗೆ ಬಂದು, “ದೇಖೋಜಿ, ಸಸ್ಪೆಂಡ್ ಆದ್ರೆ ಗಂಡಿನ ಕಡೆಯವ್ರಿಗೆ ಏನ್ ಹೇಳ್ತೀರಿ?” ಎಂದು ಕೇಳಿ ಕಳಿಸಿದ್ದಳು. ಇದೆಲ್ಲ ಕಾರಣಗಳು. ಕಾರಣಗಳು ಯಾರಿಗಿರುವುದಿಲ್ಲ?

“ನೆನಪಿಲ್ಲ ಸಾರ್,” ಎಂದೆ. “ಎಷ್ಟೊಂದು ಮಕ್ಕಳನ್ನ ಬರೆದಿದೀನಿ. ದಾಖಲೇಲಿ ಏನಿದೆಯೋ ಅದೇ ಸರಿ.”

ಮೇಡಂ ನನ್ನ ಮುಖ ನೋಡಿದರು. ಸಣ್ಣಪುಟ್ಟದಕ್ಕೆಲ್ಲ ಹದಿನಾಲ್ಕು ವರ್ಷ ದಿನಾ ಬೈದವರು ಅವತ್ತು ಒಂದು ಮಾತೂ ಆಡಲಿಲ್ಲ. ಬ್ಯಾಗ್ ಎತ್ತಿಕೊಂಡು ಹೊರಟರು. ಆಟೋ ಹಿಡಿದು ಹುಡುಗಿಯ ಮನೆಗೆ ಹೋದರಂತೆ. ಬೀದಿಯ ತುದಿಯಲ್ಲೇ ನೆಂಟರು ಅಡ್ಡ ನಿಂತು ವಾಪಸ್ ಕಳಿಸಿದರು. ಪೊಲೀಸ್ ಸ್ಟೇಷನ್ನಿಗೆ ಹೋದರು. ಅಲ್ಲೂ ದಾಖಲೆ ಸರಿ ಇದೆಯಲ್ಲ ಎಂದರು. ಸಂಜೆಯವರೆಗೆ ಅಲ್ಲಿಯ ಬೆಂಚಿನ ಮೇಲೆ ಕೂತಿದ್ದು ಬಸ್ ಹತ್ತಿದರು. ಇಷ್ಟನ್ನೂ ನನಗೆ ಹೇಳಿದವನು ಅವರನ್ನು ಕರೆದೊಯ್ದಿದ್ದ ಆಟೋದ ಹುಡುಗ, ನಮ್ಮ ಓಲ್ಡ್ ಟೌನಿನವನೇ. ಮಾರನೇ ದಿನ ಮದುವೆ ಆಯಿತು.

ನನ್ನ ಮಗಳ ನಿಕಾಹ್ ಕೂಡ ಚೆನ್ನಾಗಿ ಆಯಿತು. ಕಾರ್ಡು ಕಳಿಸಿದ್ದೆ, ಬರುತ್ತಾರೆ ಎಂದುಕೊಂಡಿರಲಿಲ್ಲ. ಮೇಡಂ ಬಂದರು. ಮಗಳ ಕೈಗೊಂದು ಸೀರೆ ಕೊಟ್ಟು, ಮಾಂಸ ತಿನ್ನದವರಿಗೆಂದು ಬೇರೆ ಮಾಡಿಸಿದ್ದ ಅನ್ನ ಸಾರು ಉಂಡು, “ಹುಡುಗ ಚೆನ್ನಾಗಿದಾನೆ ಖಾದರ್” ಎಂದು ಹೇಳಿ ಹೋದರು. ನಾನು ಕೈಮುಗಿದವನು ಮುಖ ಎತ್ತಲಿಲ್ಲ.

ಎರಡೂವರೆ ವರ್ಷದ ಮೇಲೆ ರೂಪಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆ ತುಂಬಿಕೊಂಡು ವಿನೋಬನಗರದ ಆ ಗೇಟಿನಲ್ಲಿ ಮತ್ತೆ ಬಂದು ನಿಂತಳು. ಏಳು ತಿಂಗಳಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡನ ಏಟಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಗೇಟಿನಲ್ಲೇ ನಿಂತು ಅವಳು ಹೇಳಿದ್ದು ಇದು: “ನಿಮ್ಮಿಂದಾನೇ ಆಗಿದ್ದು. ನೀವೇ ನೋಡ್ಕೊಳ್ಳಿ.” ಮೇಡಂ ಚಿಲಕ ತೆಗೆದು ಒಳಗೆ ಕರೆದುಕೊಂಡರು. ಆರು ತಿಂಗಳು ಮನೆಯಲ್ಲಿಟ್ಟುಕೊಂಡರು. ಆಮೇಲೆ ಅಲ್ಲೇ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಡುವ ಕೆಲಸ ಸಿಕ್ಕಿತು, ಅವಳು ಬೇರೆ ರೂಮು ಮಾಡಿಕೊಂಡಳು. ಭಾನುವಾರ ಮಾತ್ರ ತಪ್ಪದೆ ಬರುತ್ತಿದ್ದಳು.

ಇದು ತಿಳಿದ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಭಾನುವಾರ ಹೋಗಿ ಇಬ್ಬರ ಕಾಲಿಗೂ ಬೀಳುತ್ತೇನೆ ಎಂದು ಹೊರಟೆ. ಬಾಗಿಲಲ್ಲೇ ಕೇಳಿಸಿತು.

“ನಿಮ್ ಪೆನ್ಷನ್ ಉಳೀತಲ್ಲ, ಅಷ್ಟು ಸಾಕು ನಿಮ್ಗೆ! ನಂದೇನಾದ್ರೆ ನಿಮ್ಗೇನು! ಆಫೀಸರ್ ಬಂದು ನನ್ ಎದ್ರಿಗೇ ಹೇಳಿದ್ರು, ಶಾಲೆಯವ್ರನ್ನೇ ಕೇಳಿದ್ವಿ, ದಾಖಲೆ ಸರಿ ಇದೆ ಅಂದ್ರು ಅಂತ. ಒಂದ್ ಮಾತು ಹೇಳೋಕೆ ಏನಾಗಿತ್ತು ನಿಮ್ ಬಾಯಿಗೆ?”

ಒಳಗೆ ಹೋದರೆ ಮೇಡಂ ಮಣೆಯ ಮೇಲೆ ಕೂತಿದ್ದಾರೆ. ರೂಪಾ ಹಿಂದೆ ಕೂತು ಅವರ ತಲೆಗೆ ಎಣ್ಣೆ ತಟ್ಟುತ್ತಿದ್ದಾಳೆ. ತಟ್ಟುತ್ತಲೇ ಬೈಯುತ್ತಿದ್ದಾಳೆ. ನನ್ನನ್ನು ನೋಡಿ, “ಬನ್ನಿ ಸಾರ್, ಕೂತ್ಕೊಳ್ಳಿ. ನೀವೇ ಕೇಳಿ ಇವ್ರನ್ನ, ನಂಗಂತೂ ಸಾಕಾಗಿದೆ” ಎಂದಳು. ಶಾಲೆಯವರು ಎಂದರೆ ಅವಳ ಪಾಲಿಗೆ ಮೇಡಂ ಒಬ್ಬರೇ. ನಾನು ಆ ಲೆಕ್ಕದಲ್ಲಿ ಇರಲೇ ಇಲ್ಲ. ಮೇಡಂ ಅದನ್ನು ತಿದ್ದಿರಲಿಲ್ಲ. ಹೆದರಿ ಬರಲಿಲ್ಲ ಕಣೇ ಎಂದು ತಾವೇ ಒಪ್ಪಿಕೊಂಡುಬಿಟ್ಟಿದ್ದರು.

ಅವಳನ್ನು ಕಾಫಿ ಮಾಡಲು ಒಳಗೆ ಕಳಿಸಿದರು. ನಾನು ಪಿಸುದನಿಯಲ್ಲಿ, “ಯಾ ಅಲ್ಲಾ, ಇದೇನು ಮೇಡಂ! ಈಗ್ಲೇ ಹೇಳಿಬಿಡ್ತೀನಿ” ಎಂದೆ.

“ಹೇಳಿ ಏನ್ ಮಾಡ್ತೀರಿ?”

“ತಪ್ಪು ನಂದಲ್ವಾ?”

“ಬರೆಸಿದ್ದು ನಾನಲ್ವಾ? ಕೇಳಿ ಇಲ್ಲಿ. ಅವಳಿಗೆ ಈಗ ಬೈಯೋಕೆ ಒಬ್ರು ಬೇಕು. ನಿಮ್ಮನ್ನ ಬೈಯೋಕೆ ಓಲ್ಡ್ ಟೌನಿಗೆ ಬರ್ತಾಳಾ? ಬರಲ್ಲ. ರೂಮಲ್ಲಿ ಒಬ್ಳೇ ಕೂತು ನುಂಗ್ಕೋತಾಳೆ, ಒಂದಿನ ಏನಾದ್ರೂ ಮಾಡ್ಕೋತಾಳೆ. ನನ್ನ ಬೈಬೇಕು ಅಂತ ವಾರವಾರ ಬರ್ತಾಳೆ. ಬಂದ್ರೆ ಊಟ ಮಾಡ್ತಾಳೆ. ಜೀವಂತ ಇದಾಳೆ ಅಂತ ನಂಗೆ ಗೊತ್ತಾಗುತ್ತೆ. ನೀವು ಸುಮ್ನಿರಿ.”

ಸುಮ್ಮನಾದೆ. ನಿಜ ಹೇಳಬೇಕೆಂದರೆ ಎದೆ ಹಗುರಾಯಿತು. ಮೇಡಂ ಅಪ್ಪಣೆಯೇ ಆಯಿತಲ್ಲ, ಇನ್ನೇನು ಎಂದುಕೊಂಡು ಅವಳು ತಂದ ಕಾಫಿ ಕುಡಿದು ಎದ್ದುಬಂದೆ. ಛೀ, ಎಂಥ ಮನುಷ್ಯ ನಾನು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲಾಮೇಲೆ ನಾನೂ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ. ಕೆಲವು ಭಾನುವಾರ ಹುಡುಗಿ ಮಂಕಾಗಿ ಬಂದು ಮೂಲೆಯಲ್ಲಿ ಕೂತುಬಿಡುತ್ತಿದ್ದಳು. ಆಗ ಮೇಡಂ ಬೇಕೆಂದೇ ಕೆಣಕುತ್ತಿದ್ದರು. “ಏನೇ ಎನ್. ರೂಪಾ, ಇವತ್ತು ಬೈಯಲ್ವಾ? ಪೆನ್ಷನ್ ಬಂತು ಕಣೇ ನಂಗೆ.” ಅವಳು ಉರಿದೇಳುತ್ತಿದ್ದಳು. ಒಂದು ಗಂಟೆ ಕೂಗಾಡಿ, ಅತ್ತು, ಆಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡು ಉಣ್ಣುತ್ತಿದ್ದಳು. ಮೇಡಂ ಬಡಿಸುತ್ತ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟು ಎಂದು ತಂದುಕೊಟ್ಟ ಅರ್ಜಿಯನ್ನು ಅವಳು ಎರಡು ಸಲ ಹರಿದುಹಾಕಿದಳು, ಮೂರನೇ ಸಲ ತುಂಬಿದಳು. ಮೊದಲ ವರ್ಷ ಪಾಸೂ ಆದಳು.

ಕಳೆದ ವರ್ಷ ಮೇಡಂಗೆ ಸ್ಟ್ರೋಕ್ ಆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತುಹೋಯಿತು. ತಮ್ಮನ ಮಕ್ಕಳು ಬಂದು ಹಣ್ಣು ಇಟ್ಟು ಹೋದರು. ನಲವತ್ತು ದಿನ ಹೊಲಸು ಬಾಚಿ, ಮೈ ಒರೆಸಿ, ಗಂಜಿ ಕುಡಿಸಿದವಳು ರೂಪಾ. ಅದೆಲ್ಲ ಮಾಡುತ್ತಲೂ ಬೈಯುವುದನ್ನು ಬಿಡಲಿಲ್ಲ. ಹಾಗಾದರೂ ಮೇಡಂ ಎದ್ದು ತಿರುಗಿ ಬೈದಾರು ಎಂಬ ಆಸೆಯೋ ಏನೋ. ಒಂದು ಮಧ್ಯಾಹ್ನ ನಾನು ಆಸ್ಪತ್ರೆಯಲ್ಲಿದ್ದಾಗ ಮೇಡಂ ಏನೋ ಹೇಳಲು ಹೋಗಿ ಬಾಯಿ ಸೊಟ್ಟ ಮಾಡಿ ಒದ್ದಾಡಿದರು. ರೂಪಾ ಜೊಲ್ಲು ಒರೆಸುತ್ತ, “ಹೇಳ್ಬೇಕಾದಾಗ ಹೇಳ್ಲಿಲ್ಲ. ಈಗ ಹೇಳ್ತೀನಿ ಅಂದ್ರೂ ಬರಲ್ಲ ನೋಡಿ” ಎಂದಳು.

ನಾನು ಮಂಚದ ಆಚೆ ಬದಿ ನಿಂತಿದ್ದೆ. ಆ ಹೊತ್ತಿಗೆ ನಾನೂ ರಿಟೈರ್ ಆಗಿದ್ದೆ, ಮಕ್ಕಳೆಲ್ಲ ದಡ ಸೇರಿದ್ದರು, ಹೆದರಲು ಏನೂ ಉಳಿದಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಮೇಡಂ ಆಗ ನನ್ನ ಕಡೆ ನೋಡಿದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನೋಡಲಿಲ್ಲ. ಅವರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದರು. ಮೂರು ದಿನದ ಮೇಲೆ ಹೋದರು.

ಶ್ರದ್ಧಾಂಜಲಿ ಸಭೆ ನಡೆದದ್ದು ನಮ್ಮ ಶಾಲೆಯಲ್ಲಿ. ಮುಗಿದ ಮೇಲೆ ರೂಪಾಳ ಜೊತೆ ನಾನೂ ಬಸ್ಸಿನಲ್ಲಿ ವಿನೋಬನಗರಕ್ಕೆ ಹೋದೆ. ತಮ್ಮನ ಮಕ್ಕಳಿಗೆ ಮನೆ ಖಾಲಿ ಮಾಡಿಕೊಡಬೇಕಿತ್ತು. ಅವಳು ಬೀರುವಿನಿಂದ ಮೇಡಂ ಸೀರೆಗಳನ್ನು ತೆಗೆದು ನೆಲದ ಮೇಲೆ ಮಡಿಸಿಡುತ್ತಿದ್ದಳು. ನಾನು ಪುಸ್ತಕಗಳನ್ನು ಕಟ್ಟುತ್ತಿದ್ದೆ.

“ಸಾರ್, ಅವ್ರು ನಂಗೆ ಎಲ್ಲಾ ಮಾಡಿದ್ರು,” ಎಂದಳು ತಲೆ ಎತ್ತದೆ. “ಅದೊಂದಿನ ಬರ್ಲಿಲ್ಲ, ಅಷ್ಟೇ. ಕೊನೇ ದಿನ ಬೆಳಿಗ್ಗೆ ಅಂದ್ಕೊಂಡೆ, ಹೋಗ್ಲಿ ಬಿಡಿ ಮೇಡಂ ಅಂತ ಹೇಳಿಬಿಡೋಣ, ಕಿವಿ ಕೇಳಿಸ್ತಿತ್ತಲ್ಲ ಅವ್ರಿಗೆ. ಬಾಯಿಗ್ ಬರ್ಲಿಲ್ಲ ಸಾರ್. ಅವತ್ತೂ ಬೈದೇ ಹೋದೆ. ಅದನ್ನ ಹೇಳ್ದೆ ಹೋಗಿದ್ದು ನನ್ ತಪ್ಪಾ?”

ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಮೇಡಂ ಬೆಳಿಗ್ಗೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದು, ಅಧಿಕಾರಿಯ ಎದುರು ಸುಳ್ಳು ಬರೆಸಿದವಳು ನಾನೇ ಎಂದದ್ದು, ನಾನು ನೆನಪಿಲ್ಲ ಎಂದದ್ದು. ಅವಳು ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟು, ಮುಖ ತಿರುಗಿಸಿ, ಬಲಗಿವಿಯನ್ನು ನನ್ನ ಕಡೆಗೆ ಕೊಟ್ಟಳು.

“ಇನ್ನೊಂದ್ ಸಲ ಹೇಳಿ ಸಾರ್. ಸರಿಯಾಗಿ ಕೇಳಿಸ್ಲಿಲ್ಲ.”

ಮತ್ತೆ ಹೇಳಬೇಕಾಯಿತು. ಜೋರಾಗಿ, ಮೇಲಿನ ಬಾಡಿಗೆಯವರಿಗೂ ಕೇಳುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ.

“ಬಂದಿದ್ರಾ?”

“ಬಂದಿದ್ರು. ನಿಮ್ಮ ಬೀದಿ ತನಕಾನೂ ಬಂದಿದ್ರು. ನಿಮ್ಮೋರು ಬಿಡ್ಲಿಲ್ಲ. ಸಂಜೆ ತನಕ ಸ್ಟೇಷನ್ನಲ್ಲಿ ಕೂತಿದ್ರು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

ಅದನ್ನೂ ಹೇಳಿದೆ. ಬೈಯುವ ನೆಪಕ್ಕಾದರೂ ನೀನು ಬರುತ್ತೀ, ಉಣ್ಣುತ್ತೀ, ಬದುಕಿರುತ್ತೀ ಎಂದು ಅವರು ಹೇಳಿದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ನನ್ನ ಮೇಲೆ ಎರಗುತ್ತಾಳೆ, ಹೊಡೆಯುತ್ತಾಳೆ, ಹೊಡೆಯಲಿ ಎಂದು ಕಾದೆ. ಅವಳಿಗೆ ನನ್ನ ಗೊಡವೆಯೇ ಇರಲಿಲ್ಲ. ಮಡಿಸಿಟ್ಟ ಸೀರೆಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಮಡಿಲಿಗೆ ಎಳೆದುಕೊಂಡಳು. ಆಗ ನನಗೆ ತಿಳಿಯಿತು, ಮೇಡಂ ಸುಮ್ನಿರಿ ಎಂದದ್ದನ್ನು ನಾನು ಬೇಕಾದಾಗ ಮೀರಲಿಲ್ಲ, ಮೀರಬಾರದ ಹೊತ್ತಿನಲ್ಲಿ ಮೀರಿದೆ. ಅವರು ಬದುಕಿರುವಾಗ ಹೇಳಿದ್ದರೆ ಅವಳು ಓಡಿಹೋಗಿ ಕಾಲು ಹಿಡಿಯುತ್ತಿದ್ದಳು. ಈಗ ನನ್ನ ಭಾರವನ್ನು ಇಳಿಸಿ ಅವಳ ತಲೆಯ ಮೇಲೆ ಇಟ್ಟಿದ್ದೆ, ಅಷ್ಟೇ.

“ನಾಲ್ಕು ವರ್ಷ ಸಾರ್,” ಎಂದಳು. “ವಾರವಾರ ಬಂದು ಬೈದೆ. ಮಲಗಿದ ಮೇಲೂ ಬೈದೆ. ಒಂದಿನಾನೂ ಅಲ್ಲ ಕಣೇ ಅನ್ಲಿಲ್ಲ ಅವ್ರು.” ಆಮೇಲೆ ಚಿಕ್ಕ ಮಕ್ಕಳು ಕೇಳುವ ಹಾಗೆ, ನನ್ನ ಮುಖವನ್ನೇ ನೋಡಿಕೊಂಡು ಕೇಳಿದಳು.

“ಈಗ ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ ಸಾರ್?”